ಹೂವು ತುಂಬಿದೆ, ಕಾಯಿ ಎಲ್ಲಿ? ಇಂಗ್ಲೆಂಡಿನ ಹಿತ್ತಲಿನ ರನ್ನರ್ ಬೀನ್ಸ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಜುಲೈ ತಿಂಗಳ ಕೊನೆ. ಎಂಟು ಅಡಿ ಬಿದಿರಿನ ತುದಿ ದಾಟಿ ಬಳ್ಳಿ ಗಾಳಿಯಲ್ಲಿ ತಡಕಾಡುತ್ತಿದೆ. ಮೈತುಂಬ ಕೆಂಪು ಹೂವು. ಪಕ್ಕದ ಪ್ಲಾಟಿನವರು ನಿಂತು ಚೆಂದ ಅಂತ ಹೇಳಿ ಹೋಗುತ್ತಾರೆ. ಬುಟ್ಟಿ ಹಿಡಿದು ಹೋದರೆ ಮಾತ್ರ ಒಂದು ಕಾಯಿ ಸಿಗುವುದಿಲ್ಲ. ನೆಲದ ಮೇಲೆ ಕುಂಕುಮ ಚೆಲ್ಲಿದ ಹಾಗೆ ಉದುರಿದ ಹೂವು.

ನಾನಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಕೌನ್ಸಿಲ್‌ನವರು ವರ್ಷದ ಬಾಡಿಗೆಗೆ ಕೊಡುವ ತರಕಾರಿ ಜಾಗಕ್ಕೆ ಇಲ್ಲಿ ಅಲಾಟ್‌ಮೆಂಟ್ ಅನ್ನುತ್ತಾರೆ. ಅಂಥದ್ದರ ಅರ್ಧ ಪ್ಲಾಟ್ ನನ್ನದು. ಹುಟ್ಟಿದ್ದು ಮಾಗಡಿ ಕಡೆ, ಅವರೆಕಾಯಿ ಸೀಮೆಯಲ್ಲಿ. ಬೀನ್ಸ್ ಬೆಳೆಯೋದೇನು ಮಹಾ ಅಂದುಕೊಂಡಿದ್ದೆ. ಮೊದಲ ಮೂರು ವರ್ಷ ಮೂರು ಬೇರೆ ಬೇರೆ ರೀತಿಯಲ್ಲಿ ಬೆಳೆ ಕೈಕೊಟ್ಟಿತು. ಮೂರೂ ಸಲ ನಾನು ಬೈದಿದ್ದು ಬೀಜದ ಪೊಟ್ಟಣವನ್ನೇ. ತಪ್ಪು ಪೊಟ್ಟಣದ್ದಾಗಿರಲಿಲ್ಲ. ಈ ಗಿಡದ ಸ್ವಭಾವ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇದು ನಮ್ಮ ಹುರುಳಿಕಾಯಿ ಅಲ್ಲ

ಮೊದಲು ಇದೊಂದು ತಲೆಯಲ್ಲಿರಲಿ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಬೀನ್ಸ್ ಅಥವಾ ಹುರುಳಿಕಾಯಿ ಅಂತ ಕೊಳ್ಳುವುದು ಫ್ರೆಂಚ್ ಬೀನ್ಸ್. ರನ್ನರ್ ಬೀನ್ಸ್ ಅದರ ದಾಯಾದಿ. ಕಾಯಿ ಅಗಲ, ಚಪ್ಪಟೆ, ಮೇಲ್ಮೈ ಸ್ವಲ್ಪ ಒರಟು. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎತ್ತರದ ಬೆಟ್ಟಗಳು. ಅಂದರೆ ತಂಪು ಗಾಳಿ, ತೇವದ ಮಣ್ಣು ಇರುವ ಜಾಗ. ಬ್ರಿಟನ್ನಿಗೆ 17ನೇ ಶತಮಾನದಲ್ಲಿ ಬಂದಾಗ ಜನ ಬೆಳೆಸಿದ್ದು ಹೂವಿನ ಅಂದಕ್ಕೆ. ಕಾಯಿ ತಿನ್ನುವ ರೂಢಿ ಆಮೇಲೆ ಬಂತು.

ಈ ಬೆಟ್ಟದ ಹುಟ್ಟಿನಿಂದಲೇ ಅದರ ಎರಡು ಮೊಂಡುತನ. ಹಿಮ ಬಿದ್ದರೆ ಒಂದೇ ರಾತ್ರಿಗೆ ಕಪ್ಪಾಗಿ ಸಾಯುತ್ತದೆ. ಬಿಸಿಲು ಜೋರಾಗಿ ಬೇರು ಒಣಗಿದರೆ ಹೂವು ಉದುರಿಸುತ್ತದೆ. ಇಲ್ಲಿನ ಜನ ಹೇಳುವ ಅರ್ಧದಷ್ಟು ತೊಂದರೆಗಳು ಈ ಎರಡರ ಒಳಗೇ ಬರುತ್ತವೆ.

ಇನ್ನೊಂದು ಗುರುತು ಹೇಳಿಬಿಡುತ್ತೇನೆ. ಫ್ರೆಂಚ್ ಬೀನ್ಸ್ ಮೊಳೆತಾಗ ಎರಡು ದಪ್ಪ ಬೇಳೆಗಳು ಮಣ್ಣಿನ ಮೇಲೆ ಬರುತ್ತವೆ, ನಮ್ಮ ಅಲಸಂದೆಯ ಹಾಗೆ. ರನ್ನರ್ ಬೀನ್ಸ್‌ನಲ್ಲಿ ಬೇಳೆ ಮಣ್ಣಿನೊಳಗೇ ಉಳಿದು ಕುಡಿ ಮಾತ್ರ ಮೇಲೆ ಬರುತ್ತದೆ. ಯಾರೋ ಕೊಟ್ಟ ಸಸಿ ಯಾವುದು ಅಂತ ಅನುಮಾನ ಬಂದರೆ ಬುಡ ನೋಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಎಳೆ ಕುಡಿಯನ್ನು ಹುಳು ತಿಂದುಹಾಕಿದರೂ ಬೀಜವನ್ನು ತಕ್ಷಣ ಕಿತ್ತು ಎಸೆಯಬೇಡಿ. ಮಣ್ಣಿನೊಳಗಿನ ಬೇಳೆಯ ಸಂದಿಯಿಂದ ಎರಡನೇ ಕುಡಿ ಬರುವುದುಂಟು. ಒಂದು ವಾರ ಕಾಯಿರಿ.

ಬೀಜ ಮೊಳೆಯಲೇ ಇಲ್ಲ

ನನ್ನ ಮೊದಲ ವರ್ಷದ ಸೋಲು ಇದು. ಯುಗಾದಿ ಆಯ್ತಲ್ಲ, ಬಿತ್ತೋಣ ಅಂತ ಏಪ್ರಿಲ್ ಮೊದಲ ವಾರ ನೇರವಾಗಿ ಮಣ್ಣಿಗೆ ಹಾಕಿದೆ. ಅದೂ ಹೇಗೆ? ಮನೆಯಲ್ಲಿ ಕಾಳು ನೆನೆಹಾಕುವಂತೆ ರಾತ್ರಿಯಿಡೀ ನೀರಲ್ಲಿ ನೆನೆಸಿ. ಮೂರು ವಾರ ಆದರೂ ಏನೂ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ನೆ ಇನ್ನೊಂದು ಪೊಟ್ಟಣ ತರಬೇಡಿ. ಕೈಗುದ್ದಲಿ ತೆಗೆದುಕೊಂಡು ಎರಡು ಮೂರು ಬೀಜ ಅಗೆದು ನೋಡಿ. ಬೀಜವೇ ಹೇಳುತ್ತದೆ.

ಒತ್ತಿದರೆ ಲೋಳೆಯಾಗಿ ನಾರಿದರೆ ಮಣ್ಣು ತಣ್ಣಗಿತ್ತು, ಕೊಳೆತಿದೆ. ಒಳಗೆ ಸುರಂಗ ಕೊರೆದಂತಿದ್ದು ಬಿಳಿ ಹುಳು ಹರಿದಾಡುತ್ತಿದ್ದರೆ ಅದು ಬೀನ್ಸ್ ಬೀಜದ ನೊಣದ ಮರಿ. ಇದೂ ತಣ್ಣನೆಯ ಮಣ್ಣಿನಲ್ಲಿ ಬೀಜ ನಿಧಾನವಾಗಿ ಮೊಳೆಯುವಾಗಲೇ ಜಾಸ್ತಿ. ಬೀಜವೇ ಇಲ್ಲ, ಸಣ್ಣ ಗುಂಡಿ ಮಾತ್ರ ಇದೆ ಅಂದರೆ ಇಲಿ. ಕುಡಿ ಮೇಲೆ ಬಂದು ತುದಿ ಮಾಯವಾಗಿ, ಸುತ್ತ ಬೆಳ್ಳಿ ಗೆರೆಯಂಥ ಲೋಳೆ ಇದ್ದರೆ ಸ್ಲಗ್, ಚಿಪ್ಪಿಲ್ಲದ ಬಸವನಹುಳು. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೋದರೆ ಕೈಗೇ ಸಿಗುತ್ತದೆ.

ಮಣ್ಣು ಕನಿಷ್ಠ 10ರಿಂದ 12 ಡಿಗ್ರಿ ಇರಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಮೇ ಮಧ್ಯದ ಮಾತು. ಉತ್ತರಕ್ಕೆ ಹೋದಷ್ಟೂ ತಡ. ಆತುರ ಇದ್ದವರು ಏಪ್ರಿಲ್ ಕೊನೆಗೆ ಮನೆಯೊಳಗೆ ಕುಂಡದಲ್ಲಿ ಹಾಕಿಕೊಳ್ಳಬಹುದು. ಐದು ಸೆಂಟಿಮೀಟರ್ ಆಳ, ಒಂದು ಕುಂಡಕ್ಕೆ ಒಂದು ಬೀಜ. ಹೊರಗೆ ನೆಡುವ ಮುಂಚೆ ಒಂದು ವಾರ ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತರಬೇಕು. ಆ ಕೆಲಸ ತಪ್ಪಿಸಿದರೆ ಎಲೆ ಹಳದಿ ತಿರುಗಿ ಗಿಡ ಮೂರು ವಾರ ನಿಂತಲ್ಲೇ ನಿಲ್ಲುತ್ತದೆ. ಹಾಗೆ ಹಳದಿಯಾದದ್ದಕ್ಕೆ ಗೊಬ್ಬರ ಸುರಿಯಬೇಡಿ. ಚಳಿ ಹೋದರೆ ತಾನೇ ಹಸಿರಾಗುತ್ತದೆ.

ನೆನೆಸುವ ವಿಷಯ: ಬೇಡ. ಬೀನ್ಸ್‌ಗೆ ಬರುವ ಹೇಲೋ ಬ್ಲೈಟ್ ಅನ್ನುವ ಬ್ಯಾಕ್ಟೀರಿಯಾ ರೋಗ ಬೀಜದಿಂದ ಹರಡುತ್ತದೆ. ಒಂದು ಬೀಜಕ್ಕಿದ್ದರೆ ಒಂದೇ ಬಟ್ಟಲಿನ ನೀರಿನಲ್ಲಿ ಎಲ್ಲಕ್ಕೂ ಹತ್ತಿಸಿದ ಹಾಗೆ. ಎಲೆಯ ಮೇಲೆ ಸಣ್ಣ ಕಪ್ಪು ಚುಕ್ಕೆ, ಸುತ್ತ ಹಳದಿ ಬಳೆ ಕಂಡರೆ ಅದೇ. ಆ ಗಿಡ ಕಿತ್ತು ಹಾಕಿ. ಆ ಸಾಲಿನಿಂದ ಬೀಜ ಇಟ್ಟುಕೊಳ್ಳಬೇಡಿ.

ಹೂವು ಇದೆ, ಕಾಯಿ ಕಚ್ಚಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಹೂವು ಉದುರಿತು ಅಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: ಜೇನುಹುಳು ಕಮ್ಮಿಯಾಗಿದೆ. ಇರಬಹುದು. ಆದರೆ ನಾನು ನೋಡಿದ ಮಟ್ಟಿಗೆ ಅದು ಮೊದಲ ಕಾರಣವಾಗಿದ್ದು ಅಪರೂಪ. ನಾನು ಪರೀಕ್ಷೆ ಮಾಡುವ ಕ್ರಮ ಹೀಗೆ: ಮೊದಲು ಬೇರು, ಆಮೇಲೆ ಥರ್ಮಾಮೀಟರ್, ಕೊನೆಗೆ ಹುಳು.

ಬೇರಿನಿಂದ ಶುರು ಮಾಡಿ. ಬುಡದಿಂದ ಒಂದು ಗೇಣು ದೂರದಲ್ಲಿ ಸನಿಕೆಯನ್ನು ಪೂರ್ತಿ ಇಳಿಸಿ, ಮಣ್ಣನ್ನು ಹಿಂದಕ್ಕೆ ಬಾಗಿಸಿ ನೋಡಿ. ನಮ್ಮ ಕಡೆಯದು ಜೇಡಿಮಣ್ಣು. ದಿನಾ ಸಂಜೆ ಪೈಪು ಹಿಡಿದು ಐದು ನಿಮಿಷ ನೀರು ಚಿಮುಕಿಸುತ್ತಿದ್ದೆ. ಮೇಲೆ ಕಪ್ಪಗೆ ಒದ್ದೆಯಾಗಿ ಕಾಣುತ್ತಿತ್ತು. ಅಗೆದರೆ ಎರಡು ಇಂಚಿನ ಕೆಳಗೆ ಹೆಂಚಿನ ಚೂರಿನ ಹಾಗೆ ಒಣಗಿತ್ತು! ನೀರು ಹಾಕಿದ್ದೇನೆ ಅನ್ನುವ ಸಮಾಧಾನ ನನಗೆ, ಬಾಯಾರಿಕೆ ಗಿಡಕ್ಕೆ.

ಮೊಗ್ಗು ಕಂಡ ದಿನದಿಂದ ಮಳೆ ಇಲ್ಲದಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಚದರ ಮೀಟರಿಗೆ 5ರಿಂದ 9 ಲೀಟರ್ ನೀರು ಬೇಕು. ಇಲ್ಲಿ ಅಂಗಡಿಯಲ್ಲಿ ಸಿಗುವ ದೊಡ್ಡ ನೀರಿನ ಕ್ಯಾನ್ ಹೆಚ್ಚುಕಡಿಮೆ 9 ಲೀಟರಿನದು. ಒಂದು ಚದರ ಮೀಟರಿಗೆ ಒಂದು ಕ್ಯಾನ್ ಅಂತ ಲೆಕ್ಕ ಇಟ್ಟುಕೊಂಡರೆ ತಲೆನೋವಿಲ್ಲ. ಬುಡಕ್ಕೆ, ನಿಧಾನವಾಗಿ. ಆಮೇಲೆ ಹುಲ್ಲು ಕತ್ತರಿಸಿದ್ದೋ ಕಾಂಪೋಸ್ಟೋ ನಾಲ್ಕು ಬೆರಳು ದಪ್ಪ ಹೊದಿಸಿ.

ಸಂಜೆ ಹೂವಿನ ಮೇಲೆ ನೀರು ಸಿಂಪಡಿಸಿದರೆ ಕಾಯಿ ಕಚ್ಚುತ್ತದೆ ಎಂಬ ನಂಬಿಕೆ ಇಲ್ಲಿನ ಹಿರಿಯರಲ್ಲಿ ಗಟ್ಟಿಯಾಗಿದೆ. ನನ್ನ ಎದುರು ಪ್ಲಾಟಿನ ತಾತ ಐವತ್ತು ವರ್ಷದಿಂದ ಮಾಡುತ್ತಿದ್ದಾರಂತೆ. ಅವರಿಗೆ ಕಾಯಿ ಸಿಗುವುದೂ ನಿಜ. ಆದರೆ ಅವರು ಚಳಿಗಾಲದಲ್ಲೇ ಕಾಲುವೆ ತೋಡಿ, ಅಡುಗೆಮನೆಯ ಸಿಪ್ಪೆ, ಹಳೇ ಪೇಪರು, ಕೊಳೆತ ಎಲೆ ತುಂಬಿ ಮುಚ್ಚಿಡುತ್ತಾರೆ. ಅದು ಬೇಸಿಗೆಯಿಡೀ ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಕಾಯಿ ಕೊಡುವುದು ಆ ಕಾಲುವೆ. ಸಿಂಪಡಣೆಯಿಂದ ಏನೂ ಆಗುವುದಿಲ್ಲ. ತಾತನಿಗೆ ನಾನಿದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಬೇರು ತೇವವಾಗಿದ್ದರೆ ಎರಡನೆಯದು ಸೆಕೆ. ಹಗಲು 30 ಡಿಗ್ರಿ ಮುಟ್ಟಿ, ರಾತ್ರಿಯೂ ತಣ್ಣಗಾಗದೆ ಹೋದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂವು ಅರಳುತ್ತದೆ, ಉದುರುತ್ತದೆ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ ಮೊದಲ ಸಲ ನಲವತ್ತು ದಾಟಿದ ದಿನ ಅದು. ಆ ವಾರದ ನನ್ನ ಕೆಂಪು ಹೂವಿನ ಸಾಲಿನಲ್ಲಿ ಒಂದು ಗೊಂಚಲೂ ಉಳಿಯಲಿಲ್ಲ. ಆಗಸ್ಟಿನಲ್ಲಿ ನಮ್ಮ ಸುತ್ತಮುತ್ತ ಅನೇಕ ಕಡೆ ಪೈಪಿನಲ್ಲಿ ನೀರು ಹಾಕುವುದಕ್ಕೂ ನಿಷೇಧ ಬಂತು. ಕ್ಯಾನ್ ಹೊತ್ತು ಹೊತ್ತು ಭುಜ ಬಿದ್ದುಹೋಯಿತು.

ಇದಕ್ಕೆ ಆ ವಾರ ಮಾಡುವಂಥದ್ದು ಏನೂ ಇಲ್ಲ. ಬೇರು ತಂಪಾಗಿಟ್ಟು ಕಾಯಬೇಕು. ಸೆಕೆ ಇಳಿದ ಮೇಲೆ ಬರುವ ಹೂವು ಕಾಯಿ ಕಚ್ಚುತ್ತದೆ. ನನಗೆ ಆ ವರ್ಷ ಸೆಪ್ಟೆಂಬರಿನಲ್ಲಿ ಬುಟ್ಟಿ ಬುಟ್ಟಿ ಸಿಕ್ಕಿತು. ಜುಲೈಯಲ್ಲೇ ಬೇಸರಗೊಂಡು ಸಾಲು ಕಿತ್ತುಹಾಕಿದ ಪಕ್ಕದವರು ಬೇಲಿಯಾಚೆ ನಿಂತು ನೋಡಿದರು.

ಮೂರನೆಯದು ಹುಳು. ಬಿಸಿಲಿರುವ ಬೆಳಿಗ್ಗೆ ಹತ್ತು ನಿಮಿಷ ಸಾಲಿನ ಮುಂದೆ ಕೂತು ನೋಡಿ. ಈ ಹೂವಿಗೆ ಮುಖ್ಯವಾಗಿ ಬರುವುದು ಬಂಬಲ್‌ಬೀ, ಮೈತುಂಬ ರೋಮ ಇರುವ ದಪ್ಪ ದುಂಬಿ. ಅದು ಹೂವಿನ ಎದುರಿನಿಂದ ಬಂದು ಪಕ್ಕದ ಎಸಳಿನ ಮೇಲೆ ಭಾರ ಬಿಟ್ಟರೆ ಒಳಗೆ ಸುರುಳಿಯಾಗಿರುವ ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗದ ಎಳೆ, ಹೊರಗೆ ಇಣುಕುತ್ತದೆ. ಆಗ ಪರಾಗ ಹತ್ತುತ್ತದೆ. ಆದರೆ ನಾಲಿಗೆ ಗಿಡ್ಡ ಇರುವ ಕೆಲವು ಜಾತಿಯ ದುಂಬಿಗಳು ಕಳ್ಳದಾರಿ ಹಿಡಿಯುತ್ತವೆ. ಹೂವಿನ ಬುಡಕ್ಕೆ ತೂತು ಕೊರೆದು ಮಕರಂದ ಹೀರಿ ಹೋಗುತ್ತವೆ. ಆಮೇಲೆ ಬರುವ ಜೇನುಹುಳುವೂ ಅದೇ ತೂತು ಬಳಸುತ್ತದೆ. ಉದುರಿದ ನಾಲ್ಕಾರು ಹೂವು ಎತ್ತಿಕೊಂಡು ಬುಡದಲ್ಲಿ ಸೀಳು ಇದೆಯಾ ನೋಡಿ. ಎಲ್ಲದರಲ್ಲೂ ಇದ್ದರೆ ಕಳ್ಳತನ ಜೋರಾಗಿದೆ ಅಂತ ಅರ್ಥ.

ಹುಳುವೇ ಇಲ್ಲದಿದ್ದರೆ ಗಾಳಿ ಕಾರಣ ಇರಬಹುದು. ಎತ್ತರದ, ಬಯಲಿನ ಜಾಗದಲ್ಲಿ ಗಾಳಿ ಬೀಸಿದರೆ ದುಂಬಿ ನಿಲ್ಲುವುದಿಲ್ಲ. ಮಳೆ ಚಳಿಯ ಜೂನಿನಲ್ಲೂ ಹೀಗೇ, ಮೊದಲ ಗೊಂಚಲುಗಳು ಸುಮ್ಮನೆ ಉದುರುತ್ತವೆ. ಸಾಲನ್ನು ಬೇಲಿಯ ಮರೆಗೆ ತನ್ನಿ. ದುಂಬಿಯನ್ನು ಸೆಳೆಯಲು ಪಕ್ಕದಲ್ಲಿ ಸ್ವೀಟ್ ಪೀ ಅನ್ನುವ ಹೂಬಳ್ಳಿ ಹಬ್ಬಿಸಿ.

ಇವು ಮೂರೂ ಸರಿ ಇದ್ದು, ಎಲೆ ಮಾತ್ರ ಆನೆಕಿವಿಯಷ್ಟು ಅಗಲವಾಗಿ ಹೂವೇ ಕಡಿಮೆ ಇದ್ದರೆ ನೀವು ಗೊಬ್ಬರ ಜಾಸ್ತಿ ಹಾಕಿದ್ದೀರಿ. ದ್ವಿದಳ ಗಿಡ, ಬೇರಿನ ಗಂಟಿನಲ್ಲಿ ಸಾರಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಕೋಳಿಗೊಬ್ಬರ ಬೇಡ.

ಎಲೆ ಮುರುಟಿದೆ

ಎರಡನೇ ವರ್ಷ ನನಗಾದದ್ದು ಇದು. ಹೊಸ ಎಲೆಗಳು ಬಟ್ಟಲಿನ ಹಾಗೆ ಮಡಚಿಕೊಂಡು, ತುದಿ ಜರಿಗಿಡದ ಹಾಗೆ ಸುತ್ತಿಕೊಂಡಿತು. ಯಾವುದೋ ವೈರಸ್ ಅಂದುಕೊಂಡೆ. ಕಾರಣ ಕುದುರೆ ಲಾಯದಿಂದ ಪುಕ್ಕಟೆ ಸಿಕ್ಕಿದ ಗೊಬ್ಬರ. ಇಲ್ಲಿ ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಲಿಡ್ ಅನ್ನುವ ಕಳೆನಾಶಕ ಹುಲ್ಲಿನಿಂದ ಕುದುರೆಯ ಹೊಟ್ಟೆ ದಾಟಿ ಲದ್ದಿಯಲ್ಲೂ ಉಳಿಯುತ್ತದೆ. 2008ರಲ್ಲಿ ಇದರಿಂದ ಬ್ರಿಟನ್ನಿನ ಎಷ್ಟೋ ತೋಟಗಳು ಹಾಳಾಗಿದ್ದವು. ಬೀನ್ಸ್, ಬಟಾಣಿ, ಟೊಮೆಟೊ, ಆಲೂಗಡ್ಡೆ ಇದಕ್ಕೆ ತಡೆಯುವುದೇ ಇಲ್ಲ.

ಪರೀಕ್ಷೆ ಸುಲಭ. ಹೊಸ ಗೊಬ್ಬರ ಬಂದರೆ ಒಂದು ಕುಂಡದಲ್ಲಿ ಅದನ್ನು ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ. ಎರಡಕ್ಕೂ ನಾಲ್ಕು ನಾಲ್ಕು ಬೀನ್ಸ್ ಬೀಜ ಬಿತ್ತಿ ನಾಲ್ಕು ವಾರ ನೋಡಿ. ಒಂದರಲ್ಲಿ ಮಾತ್ರ ಎಲೆ ಮುರುಟಿದರೆ ಆ ರಾಶಿಯನ್ನು ತೋಟಕ್ಕೆ ತರಬೇಡಿ.

ಮುರುಟಿದ ತುದಿಯಲ್ಲಿ ಕಪ್ಪು ಹೇನಿನ ರಾಶಿ ಕಂಡರೆ ಅದು ಬೇರೆ ಕಥೆ, ಅಷ್ಟು ಗಾಬರಿ ಬೇಡ. ಬೆರಳಿನಿಂದ ಉಜ್ಜಿ, ನೀರು ರಭಸವಾಗಿ ಬಿಡಿ. ಗುಲಗಂಜಿ ಹುಳು ಬಂದು ಉಳಿದದ್ದು ಮುಗಿಸುತ್ತದೆ. ಬಳ್ಳಿ ಬಿದಿರಿನ ತುದಿ ಮುಟ್ಟಿದ ಮೇಲೆ ಕುಡಿ ಚಿವುಟುವುದು ಹೇಗೂ ಒಳ್ಳೆಯದು.

ಕಾಯಿ ನಾರು ನಾರು

ಪಲ್ಯ ಮಾಡಿದರೆ ದಾರ ಅಗಿದಂತಾಗುತ್ತದೆ ಅನ್ನುವವರು ಕಾಯಿ ತಡವಾಗಿ ಕಿತ್ತಿದ್ದೀರಿ. ಗೇಣುದ್ದ ಬೆಳೆಯಲಿ ಅಂತ ಕಾಯಬೇಡಿ. 15ರಿಂದ 20 ಸೆಂಟಿಮೀಟರ್ ಸಾಕು. ಮುರಿದರೆ ಟಪ್ ಅನ್ನಬೇಕು. ಬಾಗಿದರೆ, ಅಥವಾ ಹೊರಗಿನಿಂದಲೇ ಕಾಳಿನ ಉಬ್ಬು ಕಂಡರೆ ಹೊತ್ತು ಮೀರಿದೆ. ಆಗಸ್ಟಿನಲ್ಲಿ ಎರಡು ದಿನಕ್ಕೊಮ್ಮೆ ಕೀಳಲೇಬೇಕು. ಬಲಿತ ಕಾಯಿ ಬಳ್ಳಿಯಲ್ಲಿ ಉಳಿದರೆ ಗಿಡ ತನ್ನ ಕೆಲಸ ಮುಗಿಯಿತು ಅಂತ ಹೊಸ ಹೂವು ಬಿಡುವುದನ್ನು ಕಡಿಮೆ ಮಾಡುತ್ತದೆ. ಬೇಸಿಗೆ ರಜೆಗೆ ಎರಡು ವಾರ ಊರಿಗೆ ಹೋಗುವುದಿದ್ದರೆ ಪಕ್ಕದವರಿಗೆ ಕಿತ್ತುಕೊಳ್ಳಿ ಅಂತ ಹೇಳಿ ಹೋಗಿ. ಅವರಿಗೂ ಪಲ್ಯ, ನಿಮಗೂ ಲಾಭ.

ಬಲಿತುಹೋದದ್ದನ್ನು ಎಸೆಯಬೇಡಿ. ಸುಲಿದರೆ ನೇರಳೆ ಬಣ್ಣದ ಮೇಲೆ ಕಪ್ಪು ಚುಕ್ಕೆಯ ಚೆಂದದ ಕಾಳು. ಅವರೆಕಾಳಿನ ಹಾಗೆ ಹುಳಿಗೆ ಹಾಕುತ್ತೇವೆ. ಚೆನ್ನಾಗಿ ಕುದಿಸಿ, ಕುಕ್ಕರಿನಲ್ಲಾದರೆ ಇನ್ನೂ ಒಳ್ಳೆಯದು. ಹಸಿಯಾಗಿ ತಿನ್ನಬಾರದು, ಅರೆಬೆಂದದ್ದೂ ಬೇಡ. ರಾಜ್ಮಾದಲ್ಲಿರುವ ಲೆಕ್ಟಿನ್ ಇದರಲ್ಲೂ ಇದೆ, ಹೊಟ್ಟೆ ಕೆಡಿಸುತ್ತದೆ.

ಹಾಗಾದರೆ ಯಾವ ತಳಿ?

ತಳಿ ಆರಿಸುವುದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ನಿಮ್ಮ ತೋಟದಲ್ಲಿ ಯಾವ ದೋಷ ಮತ್ತೆ ಮತ್ತೆ ಬರುತ್ತದೆ ಅಂತ ಗೊತ್ತಾದ ಮೇಲೆ ತಳಿ ಆರಿಸಬೇಕು. ಪೊಟ್ಟಣದ ಚಿತ್ರ ನೋಡಿ ಅಲ್ಲ.

ಸ್ಕಾರ್ಲೆಟ್ ಎಂಪರರ್ ಹಳೆಯ ಕೆಂಪು ಹೂವಿನ ತಳಿ. ರುಚಿಗೆ ನನಗೆ ಇವತ್ತಿಗೂ ಅದೇ ಮೇಲು. ಸೆಕೆ ಬಂದರೆ ಮೊದಲು ಸೋಲುವುದೂ ಅದೇ, ತಡ ಮಾಡಿದರೆ ನಾರೂ ಬರುತ್ತದೆ. ತಂಪು, ತೇವದ ಜಾಗವಿದ್ದವರಿಗೆ ಸರಿ. ಕೆಂಪು ಹೂವೂ ಬೇಕು, ನಾರೂ ಬೇಡ ಅನ್ನುವವರು ಪೋಲ್‌ಸ್ಟಾರ್ ನೋಡಬಹುದು. ವೈಟ್ ಲೇಡಿ ಬಿಳಿ ಹೂವಿನದು, ಸೆಕೆಯಲ್ಲೂ ಕಾಯಿ ಕಚ್ಚುವುದರಲ್ಲಿ ಕೆಂಪಿಗಿಂತ ವಾಸಿ.

ಪ್ರತಿ ವರ್ಷ ಹೂವು ಉದುರುವ ತೋಟಕ್ಕೆ ನಾನು ಹೇಳುವುದು ಮೂನ್‌ಲೈಟ್ ಅಥವಾ ಫೈರ್‌ಸ್ಟಾರ್ಮ್. ಮೊದಲನೆಯದು ಬಿಳಿ ಹೂವು, ಎರಡನೆಯದು ಕೆಂಪು. ಇವೆರಡೂ ರನ್ನರ್ ಬೀನ್ಸ್‌ಗೆ ಫ್ರೆಂಚ್ ಬೀನ್ಸ್ ಕೂಡಿಸಿ ಮಾಡಿದ ತಳಿಗಳು. ಫ್ರೆಂಚ್ ಬೀನ್ಸ್ ಹೂವು ದುಂಬಿಗೆ ಕಾಯುವುದಿಲ್ಲ, ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ಆ ಗುಣ ಇವಕ್ಕೂ ಬಂದಿದೆ. ದುಂಬಿ ಬರಲಿ ಬಿಡಲಿ, ಕಾಯಿ ಬರುತ್ತದೆ. ರುಚಿಯಲ್ಲಿ ಸ್ವಲ್ಪ ನಯ, ಹಳೆಯ ತಳಿಯ ಗಡಸು ಸೊಗಡು ಇಲ್ಲ. ಅದನ್ನು ಗುಣ ಅನ್ನುವವರೂ ಇದ್ದಾರೆ.

ಪೇಂಟೆಡ್ ಲೇಡಿ ಕೆಂಪು ಬಿಳಿ ಎರಡು ಬಣ್ಣದ ಹೂವಿನ ಬಹಳ ಹಳೆಯ ತಳಿ. ನೋಡೋಕೆ ಬಲು ಚೆಂದ. ಬಾಲ್ಕನಿಯಲ್ಲಿ ಕುಂಡ ಇಟ್ಟವರಿಗೆ ಹೆಸ್ಟಿಯಾ, ಮೊಣಕಾಲೆತ್ತರದ ಗಿಡ್ಡ ಜಾತಿ, ಕೋಲು ಬೇಡ. ಎನಾರ್ಮಾ ಉದ್ದ ಕಾಯಿಯ ಸ್ಪರ್ಧೆಗೆ ಹೋಗುವವರಿಗೆ. ಒಣಕಾಳು ಬೇಕಿದ್ದರೆ ಜಾರ್, ಬಿಳಿ ದಪ್ಪ ಕಾಳು.

ನಾನು ಈಗ ಒಂದೇ ತಳಿಯ ಮೇಲೆ ನಂಬಿಕೆ ಇಡುವುದಿಲ್ಲ. ಹತ್ತು ಬಿದಿರಿನಲ್ಲಿ ಐದಕ್ಕೆ ಎಂಪರರ್, ಐದಕ್ಕೆ ಮೂನ್‌ಲೈಟ್. 2022ರಲ್ಲಿ ಹೀಗೆ ಮಾಡಿದ್ದರೆ ಆಗಸ್ಟ್ ಖಾಲಿ ಹೋಗುತ್ತಿರಲಿಲ್ಲ.

ಒಂದು ಮಾತು ನಮ್ಮವರಿಗಾಗಿ. ಊರಿನ ಸೊಗಡವರೆ ಇಲ್ಲಿ ಹಾಕಿದರೆ ಬಳ್ಳಿ ರಾಕ್ಷಸನ ಹಾಗೆ ಬೆಳೆಯುತ್ತದೆ, ಹೂವು ಬಿಡುವುದಿಲ್ಲ. ಅದು ಗಿಡದ ದೋಷ ಅಲ್ಲ. ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಜಾತಿ ಅದು. 52 ಡಿಗ್ರಿ ಅಕ್ಷಾಂಶದಲ್ಲಿ ಹಗಲು ಅಷ್ಟು ಚಿಕ್ಕದಾಗುವ ಹೊತ್ತಿಗೆ ಹಿಮ ಬಾಗಿಲಲ್ಲಿರುತ್ತದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜವನ್ನು ಸೂಟ್‌ಕೇಸಿನಲ್ಲಿ ತರುವಂತೆಯೂ ಇಲ್ಲ.

ಮನೆಯ ಬೀಜ ಇಟ್ಟುಕೊಳ್ಳುವವರು ಗಮನಿಸಿ: ಎರಡು ತಳಿ ಪಕ್ಕಪಕ್ಕ ಇದ್ದರೆ ದುಂಬಿ ಬೆರೆಸಿಬಿಡುತ್ತದೆ. ಮುಂದಿನ ವರ್ಷ ಏನು ಹುಟ್ಟುತ್ತದೋ ಹೇಳಲಾಗದು. ನನ್ನ ಹಾಗೆ ಎರಡು ತಳಿ ಹಾಕಿದರೆ ಬೀಜ ಕೊಳ್ಳುವುದೇ ಸುಲಭ. ಒಂದೇ ತಳಿ ಇದ್ದಾಗ ನಾನು ಎಲ್ಲಕ್ಕಿಂತ ಚೆನ್ನಾಗಿರುವ ಗಿಡದ ಕೆಳಗಿನ ಐದಾರು ಕಾಯಿ ಕೀಳದೆ ಬಿಟ್ಟು, ಗುರುತಿಗೆ ಕೆಂಪು ದಾರ ಕಟ್ಟುತ್ತಿದ್ದೆ. ಆ ವರ್ಷ ನಮ್ಮತ್ತೆ ಬಂದಿದ್ದರು. ಒಂದು ಸಂಜೆ ಒಬ್ಬರೇ ಹೋಗಿ ಬುಟ್ಟಿ ತುಂಬ ಕಿತ್ತು ತಂದು, "ಒಳ್ಳೊಳ್ಳೆ ಕಾಯಿಗೆ ನೀನೇ ದಾರ ಕಟ್ಟಿ ಇಟ್ಟಿದ್ಯಲ್ಲ, ಹುಡುಕೋ ಕೆಲಸವೇ ಇರಲಿಲ್ಲ" ಅಂದರು.